ತಣ್ಣೀರಿನ ದಾರಿ ಹಿಡಿಯೋಣ ಭಾವ

ಬೋಝ್‌ಮನ್, ಮೊಂಟಾನಾ
ಆಗಸ್ಟ್ 12

ಭಾವನವರಿಗೆ ನಮಸ್ಕಾರ. ಅಕ್ಕನಿಗೂ.

ಮುಂದಿನ ಜುಲೈಗೆ ನೀವಿಬ್ಬರೂ ಬರ್ತೀರಿ ಅಂತ ಕೇಳಿ ತುಂಬಾ ಖುಷಿಯಾಯಿತು. ಕಾರಿನಲ್ಲಿ ಸುತ್ತುತ್ತಾ, ದಾರಿಯಲ್ಲಿ ಸಿಕ್ಕ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯೋಣ, ಒಳ್ಳೆ ಹೊಳೆಗಳ ಪಟ್ಟಿ ಕಳಿಸು ಅಂದಿರಲ್ಲ ಭಾವ, ಪಟ್ಟಿ ಮಾಡುವುದೇನೂ ಕಷ್ಟವಲ್ಲ. ಆದರೆ ಇಲ್ಲಿ ಜೂನ್‌ನಲ್ಲಿ ಸೊಗಸಾಗಿದ್ದ ಹೊಳೆ ಆಗಸ್ಟ್‌ಗೆ ಕೆಲಸಕ್ಕೆ ಬಾರದೆ ಹೋಗಬಹುದು. ಹಾಗಾಗಿ ಹೊಳೆ ಆರಿಸುವುದು ಹೇಗೆ ಅಂತಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ಅಕ್ಕ ನಡುವೆ ಬಾಯಿ ಹಾಕುತ್ತಾಳೆ.

ಬೇಸಿಗೆಯಲ್ಲಿ ಮೊದಲು ಹುಡುಕಬೇಕಾದ್ದು ತಣ್ಣೀರು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ರೌಟ್‌ಗೆ ಸಂಕಟ ಶುರು. ಅಂಥ ನೀರಿನಲ್ಲಿ ಗಾಳಕ್ಕೆ ಸಿಕ್ಕಿ ಜಗ್ಗಾಡಿದ ಮೀನನ್ನು ವಾಪಸ್ ಬಿಟ್ಟರೂ ಅದು ಬದುಕುತ್ತದೆ ಅನ್ನುವ ನಂಬಿಕೆ ಇಲ್ಲ. ನಾನು ದಾರಕ್ಕೆ ಒಂದು ಥರ್ಮಾಮೀಟರ್ ಕಟ್ಟಿ ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ. ಕೋಲು ಬಿಚ್ಚುವ ಮೊದಲು ಅದನ್ನು ನೀರಿಗೆ ಬಿಡುವುದು. ಜಾಸ್ತಿ ತೋರಿಸಿದರೆ ಮತ್ತೆ ಕಾರು ಹತ್ತುವುದು, ಅಷ್ಟೇ. ಇಲ್ಲಿನ ಸರ್ಕಾರವೂ ಸುಮ್ನೆ ಕೂರುವುದಿಲ್ಲ. ಒಂದು ಹೊಳೆಯ ನೀರು ಸತತ ಮೂರು ದಿನ 23 ಡಿಗ್ರಿ ಮುಟ್ಟಿದರೆ, ಮಧ್ಯಾಹ್ನ 2ರಿಂದ ನಡುರಾತ್ರಿಯವರೆಗೆ ಅಲ್ಲಿ ಗಾಳ ಹಾಕುವುದನ್ನೇ ನಿಲ್ಲಿಸಬಹುದು.

ಇದರಿಂದ ನಮ್ಮ ದಿನಚರಿಯೂ ತಾನಾಗಿ ಗೊತ್ತಾಗುತ್ತದೆ. ನೀರು ಅತಿ ತಣ್ಣಗಿರುವುದು ಬೆಳಕು ಹರಿದ ಹೊತ್ತಿನಲ್ಲಿ. ಆಗ ಹೊಳೆಗೆ ಇಳಿಯುವುದು, ಬಿಸಿಲೇರಿದ ಮೇಲೆ ಕಾರು ಓಡಿಸುವುದು. ಅಕ್ಕನಿಗೆ ಬೆಳಗಿನ ನಿದ್ದೆ ಬೇಕು ಅಂತ ಗೊತ್ತು. ಅವಳು ಹಿಂದಿನ ಸೀಟಿನಲ್ಲಿ ಮಲಗಲಿ ಬಿಡಿ.

ತಣ್ಣೀರು ಎಲ್ಲಿ ಸಿಗುತ್ತದೆ? ಒಂದು, ಎತ್ತರದಲ್ಲಿ. ಇಲ್ಲಿಗೆ ಹತ್ತಿರದ ಬೇರ್‌ಟೂತ್ ಹೆದ್ದಾರಿ 10,947 ಅಡಿ ಎತ್ತರಕ್ಕೆ ಏರುತ್ತದೆ. ಆ ಸೀಮೆಯ ಸಣ್ಣ ತೊರೆಗಳಲ್ಲಿ ಗೇಣುದ್ದದ ಬ್ರೂಕ್ ಟ್ರೌಟ್ ಇರುತ್ತವೆ. ದೊಡ್ಡ ಮೀನಲ್ಲ, ಆದರೆ ಕಂಡಿದ್ದಕ್ಕೆಲ್ಲ ಬಾಯಿ ಹಾಕುತ್ತವೆ. ಕೈ ಪಳಗಿಸಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಇನ್ನೊಂದು, ದೊಡ್ಡ ಅಣೆಕಟ್ಟುಗಳ ಕೆಳಗೆ. ಯೆಲ್ಲೋಟೇಲ್ ಅಣೆಕಟ್ಟಿನ ಆಳದಿಂದ ಬರುವ ನೀರಿನಿಂದಾಗಿ ಬಿಗ್‌ಹಾರ್ನ್ ಹೊಳೆ ಬೇಸಿಗೆಯಲ್ಲೂ ತಂಪು. ಜನವೂ ಅಷ್ಟೇ ಜಾಸ್ತಿ. ನೆಲದಡಿಯ ಬುಗ್ಗೆಗಳಿಂದ ಹುಟ್ಟುವ ಹೊಳೆಗಳೂ ಇವೆ. ಐಡಹೋದ ಸಿಲ್ವರ್ ಕ್ರೀಕ್ ಅಂಥದ್ದು. ನೀರು ಗಾಜಿನ ಹಾಗೆ ತಿಳಿ, ಮೀನು ಮಹಾ ಕಿಲಾಡಿ. ಅದನ್ನು ಕೊನೆಗೆ ಇಟ್ಟುಕೊಳ್ಳೋಣ.

ಹೆಸರು ಕೇಳಿ ಮೋಸ ಹೋಗಬಾರದ ಹೊಳೆಯೂ ಒಂದಿದೆ. ಯೆಲ್ಲೋಸ್ಟೋನ್ ಪಾರ್ಕಿನ ಫೈರ್‌ಹೋಲ್. ದಡದಲ್ಲೇ ಬಿಸಿನೀರಿನ ಬುಗ್ಗೆಗಳು, ಹೊಗೆಯಾಡುವ ನೆಲ, ಫೋಟೋದಲ್ಲಿ ನೋಡಿದರೆ ಸ್ವರ್ಗ. ಆದರೆ ಆ ಬಿಸಿನೀರೆಲ್ಲ ಹೊಳೆಗೇ ಬಂದು ಸೇರುತ್ತದೆ. ನಡುಬೇಸಿಗೆಯಲ್ಲಿ ಮೀನುಗಳು ಪಕ್ಕದ ತಣ್ಣನೆ ಹಳ್ಳಗಳಿಗೆ ಗುಳೆ ಹೋಗುತ್ತವೆ. ಅಲ್ಲಿಗೆ ಜೂನ್‌ನಲ್ಲಿ ಹೋಗಬೇಕು, ಇಲ್ಲವೇ ಸೆಪ್ಟೆಂಬರ್ ಮೇಲೆ. ನಾವು ಸುಮ್ನೆ ನೋಡಿಕೊಂಡು ಬರೋಣ.

ನನಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು ಅಂತಿರುವುದು ಪಾರ್ಕಿನ ಈಶಾನ್ಯ ಮೂಲೆಗೆ. ಲಾಮಾರ್, ಸ್ಲೂ ಕ್ರೀಕ್, ಸೋಡಾ ಬ್ಯೂಟ್ ಕ್ರೀಕ್. ಹಿಮ ಕರಗಿದ ಕೆಂಪುನೀರು ಇಳಿದು ಇವು ತಿಳಿಯಾಗುವಾಗ ಜುಲೈ ಅರ್ಧ ಕಳೆದಿರುತ್ತದೆ. ಅಲ್ಲಿಯದು ಕಟ್‌ಥ್ರೋಟ್ ಟ್ರೌಟ್, ಆ ನೆಲದ್ದೇ ಮೀನು. ದವಡೆಯ ಕೆಳಗೆ ಎರಡೂ ಕಡೆ ಕುಂಕುಮ ಎಳೆದಂಥ ಕೆಂಪು ಗೆರೆ. ಆಗಸ್ಟ್‌ಗೆ ದಡದ ಹುಲ್ಲೆಲ್ಲ ಮಿಡತೆಮಯ. ಗಾಳಿ ಬೀಸಿದಾಗ ಒಂದೊಂದು ನೀರಿಗೆ ಬೀಳುತ್ತದೆ. ಹೋದ ವಾರ ಸೋಡಾ ಬ್ಯೂಟ್‌ನಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು, ಗಾಳಕ್ಕೆ ಕಟ್ಟಿದ ಫೋಮಿನ ನಕಲಿ ಮಿಡತೆಯೊಂದನ್ನು ದಡದ ಅಂಚಿಗೇ ತೇಲಿಬಿಟ್ಟೆ. ಕಲ್ಲಿನ ಪಕ್ಕದಿಂದ ಒಂದು ನೆರಳು ಎದ್ದಿತು. ಗಬಕ್ಕನೆ ನುಂಗಲಿಲ್ಲ. ಹುಳದ ಅಡಿಯಲ್ಲೇ, ಮೂತಿ ಇನ್ನೇನು ತಾಗುತ್ತದೆ ಅನ್ನುವಷ್ಟು ಹತ್ತಿರ, ನೀರಿನ ಜೊತೆ ಹಿಂದಕ್ಕೆ ಹಿಂದಕ್ಕೆ ತೇಲುತ್ತಾ ಬಂತು. ಪರೀಕ್ಷೆ ಮಾಡುತ್ತಿದೆ! ಆಮೇಲೆ ನಿಧಾನಕ್ಕೆ ಬಿಳಿ ಬಾಯಿ ತೆರೆಯಿತು. ಅಲ್ಲೇ ಕೈ ತಡೆಯಬೇಕು ಭಾವ. ಬಾಯಿ ಮುಚ್ಚಿ, ತಲೆ ಕೆಳಗೆ ತಿರುಗಿಸುವವರೆಗೆ ಕೋಲು ಎತ್ತಕೂಡದು. ಎರೆಹುಳದ ಗಾಳ ಹಾಕಿದ ನಿಮಗೆ ಕಾಯುವುದು ಹೊಸದಲ್ಲ. ಕಣ್ಣೆದುರೇ ನೋಡುತ್ತಾ ಕಾಯುವುದು ಬೇರೆಯೇ.

ಲಾಮಾರ್‌ಗೆ ಒಂದು ರೋಗವಿದೆ. ಮಧ್ಯಾಹ್ನ ಮೇಲೆ ಗುಡುಗುಮಳೆ ಬಿದ್ದರೆ ಕೆಸರಾಗಿಬಿಡುತ್ತದೆ. ಅದಕ್ಕೂ ಬೆಳಗ್ಗೆಯೇ ಮೇಲು. ಅಲ್ಲಿ ಬೈಸನ್ ಅನ್ನುವ ಕಾಡೆಮ್ಮೆಗಳಿಂದ 25 ಗಜ, ಕರಡಿ ತೋಳಗಳಿಂದ 100 ಗಜ ದೂರ ಇರಬೇಕು ಅನ್ನುವುದು ಕಾನೂನು. ಕರಡಿಗೆ ಹೊಡೆಯುವ ಸ್ಪ್ರೇ ಸೊಂಟದಲ್ಲೇ ಇರುತ್ತದೆ. ಅಕ್ಕನಿಗೆ ಇದನ್ನು ಓದಿ ಹೇಳಬೇಡಿ.

"ಹಿಡಿದು ಬಿಡೋದಾದ್ರೆ ಹಿಡಿಯೋದ್ಯಾಕೆ?" ಅಂತ ಅಕ್ಕ ಕೇಳಿದ್ದಳಲ್ವಾ. ಪಾರ್ಕಿನಲ್ಲಿ ಕಟ್‌ಥ್ರೋಟ್ ಸಿಕ್ಕರೆ ಬಿಡಲೇಬೇಕಕ್ಕ, ನಿಯಮ. ಆದರೆ ಯೆಲ್ಲೋಸ್ಟೋನ್ ಸರೋವರದಲ್ಲಿ ಲೇಕ್ ಟ್ರೌಟ್ ಹಿಡಿದರೆ ಕೊಲ್ಲಲೇಬೇಕು, ಅದೂ ನಿಯಮ! ಅದು ಹೊರಗಿನ ಮೀನು. ಅಲ್ಲಿದೆ ಅಂತ ಗೊತ್ತಾದದ್ದು 1994ರಲ್ಲಿ. ಕಟ್‌ಥ್ರೋಟ್‌ಗಳನ್ನು ತಿಂದು ತಿಂದು ಅವುಗಳ ಸಂತಾನವನ್ನೇ ಇಳಿಸಿಬಿಟ್ಟಿತು. ಕಟ್‌ಥ್ರೋಟ್ ಮೊಟ್ಟೆಯಿಡಲು ಹಳ್ಳಗಳಿಗೆ ಹತ್ತಿ ಬರುತ್ತಿತ್ತು, ಕರಡಿಗಳಿಗೆ ಊಟವಾಗುತ್ತಿತ್ತು. ಲೇಕ್ ಟ್ರೌಟ್ ಮೊಟ್ಟೆಯಿಡುವುದು ಸರೋವರದೊಳಗೇ. ಕರಡಿಗೆ ಅದು ಎಟುಕುವುದಿಲ್ಲ. ಒಂದು ಮೀನಿನಿಂದ ಎಲ್ಲಿಂದೆಲ್ಲಿಗೆ ಹೋಯಿತು ನೋಡು.

ಇನ್ನು ಹೊಳೆಗೆ ಇಳಿಯುವ ಹಕ್ಕು. ಇದನ್ನು ತಿಳಿಯದೆ ಹೋದರೆ ಜಗಳ ಗ್ಯಾರಂಟಿ. ಮೊಂಟಾನಾದಲ್ಲಿ 1985ರ ಕಾನೂನಿನ ಪ್ರಕಾರ, ಪಕ್ಕದ ಹೊಲ ಯಾರದ್ದೇ ಆಗಿರಲಿ, ಸಾರ್ವಜನಿಕ ಸೇತುವೆಯ ಬಳಿ ಇಳಿದು, ನೀರು ಮಾಮೂಲಾಗಿ ಏರುವ ಗುರುತಿನೊಳಗೇ ಹೊಳೆಗುಂಟ ನಡೆದುಕೊಂಡು ಹೋಗಬಹುದು. ವಯೋಮಿಂಗ್‌ನಲ್ಲಿ ಖಾಸಗಿ ಜಮೀನು ಸಿಕ್ಕರೆ ಹೊಳೆಯ ತಳವೂ ಜಮೀನಿನವನದೇ. ದೋಣಿಯಲ್ಲಿ ತೇಲಬಹುದು, ಕಾಲೂರುವ ಹಾಗಿಲ್ಲ. ಅದೇ ನೀರು, ಗಡಿಯಾಚೆ ಬೇರೆ ನ್ಯಾಯ. ಪರವಾನಗಿಯೂ ಹಾಗೇ. ಒಂದೊಂದು ರಾಜ್ಯಕ್ಕೆ ಒಂದೊಂದು, ಪಾರ್ಕಿಗೆ ಅದರದ್ದೇ ಬೇರೆ.

ಹೊರಡುವ ಹಿಂದಿನ ರಾತ್ರಿ, ಯುಎಸ್‌ಜಿಎಸ್ ಅನ್ನುವ ಇಲ್ಲಿನ ಸರ್ಕಾರಿ ಭೂವಿಜ್ಞಾನ ಸಂಸ್ಥೆ ಹೊಳೆಗಳಲ್ಲಿ ಇಟ್ಟಿರುವ ಮಾಪಕಗಳನ್ನು ಫೋನಿನಲ್ಲಿ ನೋಡಬಹುದು. ಯಾವ ಹೊಳೆಯಲ್ಲಿ ಎಷ್ಟು ನೀರು, ಕೆಲವು ಕಡೆ ಎಷ್ಟು ಬಿಸಿ ಅನ್ನುವುದೂ ಸಿಗುತ್ತದೆ. ಆಮೇಲೆ ಆಯಾ ಊರಿನ ಫ್ಲೈ ಅಂಗಡಿಗೆ, ಅಂದರೆ ಗಾಳಕ್ಕೆ ಕಟ್ಟುವ ನಕಲಿ ಹುಳಗಳ ಅಂಗಡಿಗೆ ಹೋಗಿ, ನಾಲ್ಕು ಹುಳ ಕೊಂಡು ಮಾತಿಗೆ ಕೂರಬೇಕು. ಏನೂ ಕೊಳ್ಳದೆ ಬರೀ ಜಾಗ ಕೇಳುವವರಿಗೆ ಅವರೂ ಅಷ್ಟಕ್ಕಷ್ಟೇ.

ಕೋಲು, ದಾರ ನನ್ನ ಹತ್ತಿರ ಇದೆ. ಯಾರೋ ಸ್ನೇಹಿತರು ಕೊಟ್ಟರು ಅಂದಿರಲ್ಲ, ಆ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಅಡಿಯ ಬೂಟು ಮಾತ್ರ ತರಬೇಡಿ. ಅದರಲ್ಲಿ ತೇವ ನಿಂತು ರೋಗಾಣು, ಪುಟ್ಟ ಬಸವನಹುಳು ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುತ್ತವೆ ಅಂತ 2018ರಿಂದ ಪಾರ್ಕಿನಲ್ಲಿ ನಿಷೇಧ. ರಬ್ಬರ್ ಅಡಿಯದು ಇಲ್ಲೇ ಬಾಡಿಗೆಗೆ ತೆಗೆದುಕೊಳ್ಳೋಣ. ನಿಮ್ಮ ಪಾದದ ಅಳತೆ ಕಳಿಸಿ. ವಿಮಾನದ ಟಿಕೆಟ್ ಜುಲೈ 15ರ ಆಚೆಗೆ ಸಿಗುತ್ತದಾ ನೋಡಿ, ತೆಗೆಯುವ ಮುಂಚೆ ನನಗೊಂದು ಮಾತು ಹೇಳಿ.

ಇಂತಿ,
ಅಕ್ಕನ ತಮ್ಮ, ಸುಧಿ