ಶಿಕ್ಷಣ ಸಾಲದ ಅರ್ಜಿ ಮತ್ತು ಒಂದು ಲೋಟ ಟೀ

ಇವರಿಗೆ,
ಪ್ರಾದೇಶಿಕ ವ್ಯವಸ್ಥಾಪಕರು

ವಿಷಯ: ಮಗಳ ಇಂಜಿನಿಯರಿಂಗ್ ಓದಿಗೆ ಕೇಳಿದ 3.80 ಲಕ್ಷ ರೂಪಾಯಿ ಸಾಲ ಕೊಡದೆ, ಕೊಡಲ್ಲ ಅಂತಲೂ ಬರೆದುಕೊಡದೆ ಅಲೆದಾಡಿಸಿದ ಬಗ್ಗೆ.

ಮಾನ್ಯರೇ,

ಕಡೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನದು ಹಿಟ್ಟಿನ ಗಿರಣಿ. ನಿಮ್ಮ ಶಾಖೆಯಲ್ಲಿ 14 ವರ್ಷದಿಂದ ಖಾತೆ ಇದೆ. ಈ ಸಾಲಕ್ಕೆ ಆರು ಸಲ ಬಂದಿದ್ದೇನೆ. ಫೋನ್ ಮಾಡಿದ್ದಕ್ಕೆ ಲೆಕ್ಕ ಇಟ್ಟಿಲ್ಲ.

ಮಗಳು ಸಿಇಟಿ ಬರೆದಳು. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವಾಗ, ಬೆಂಗಳೂರಿನ ಕಾಲೇಜುಗಳನ್ನು ಅವಳೇ ಕೆಳಗೆ ಹಾಕಿದಳು. ಮೈಸೂರಲ್ಲಿ ನನ್ನ ತಂಗಿ ಮನೆ ಇದೆ, ಹಾಸ್ಟೆಲ್ ಖರ್ಚು ಉಳಿಯುತ್ತೆ, ಕಡೂರಿಂದ ರೈಲೂ ಇದೆ ಅಂತ. ಮೈಸೂರೇ ಸಿಕ್ಕಿತು. ಇದೇ ಸೀಟು ಸಾಕು ಅಂತ ಚಾಯ್ಸ್ 1 ಒತ್ತಿದೆವು. ಒತ್ತಿದ ಮೇಲೆ ಹೇಳಿದ ದಿನದೊಳಗೆ ಶುಲ್ಕ ಕಟ್ಟಲೇಬೇಕು, ಇಲ್ಲದಿದ್ದರೆ ಸೀಟು ಹೋಗುತ್ತೆ. ಇದೆಲ್ಲ ನಿಮ್ಮ ಸಾಲದ ವಿಭಾಗದ ಅಧಿಕಾರಿಗೆ ನಾನು ಮೊದಲ ದಿನವೇ ಹೇಳಿದ್ದೆ.

4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವು ಕೇಳುವ ಹಾಗಿಲ್ಲ. ಇದು ರಿಸರ್ವ್ ಬ್ಯಾಂಕಿನ ಮಾತು, ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಮೊದಲ ಸಲ ಮನೆಯ ಇ-ಸ್ವತ್ತು, ಅಂದರೆ ಪಂಚಾಯಿತಿಯ ಆಸ್ತಿ ದಾಖಲೆ, ಕೇಳಿದರು. ತಂದೆ. ಎರಡನೇ ಸಲ ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ಕೇಳಿದರು. ಅದನ್ನೂ ತಂದೆ. ಮೂರನೇ ಸಲ, ಒಂದು ಇನ್ಶೂರೆನ್ಸ್ ಪಾಲಿಸಿ ಮಾಡಿಸಿದರೆ ಫೈಲು ಬೇಗ ಮೇಲೆ ಹೋಗುತ್ತೆ ಅಂದರು. ಅದನ್ನು ಮಾತ್ರ ತರಲಿಲ್ಲ.

ನಾಲ್ಕನೇ ಸಲ ಮಗಳನ್ನೂ ಕರೆದುಕೊಂಡು ಹೋದೆ. ಸಹಿ ಬೇಕು ಅಂದಿದ್ದರು. ಸೋಮವಾರ, ಜನ ಜಾಸ್ತಿ. ಹನ್ನೊಂದಕ್ಕೆ ಹೋದವರನ್ನು ಒಂದೂವರೆಗೆ ಕರೆದರು. ನಾನು ಕುರ್ಚಿಯಲ್ಲಿ ಕೂರುವ ಮುಂಚೆ ಅಧಿಕಾರಿ ನನ್ನ ಅಂಗಿ ನೋಡಿ, "ಹಿಟ್ಟು ಕೊಡವಿಕೊಂಡು ಬನ್ರೀ" ಅಂದರು. ಬಾಗಿಲ ಹತ್ತಿರ ಹೋಗಿ ಕೊಡವಿಕೊಂಡು ಬಂದೆ. ಅಷ್ಟರಲ್ಲಿ ಅವರಿಗೆ ಟೀ ಬಂದಿತ್ತು. ಫ್ಯಾನ್ ಗಾಳಿಗೆ ನಮ್ಮ ಕಾಗದ ಹಾರುತ್ತಿತ್ತು ಅಂತ ಲೋಟವನ್ನು ಅದರ ಮೇಲೇ ಇಟ್ಟರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜೆರಾಕ್ಸ್ ಅಲ್ಲ, ಒರಿಜಿನಲ್.

"ಅಷ್ಟು ದೂರ ಯಾಕಮ್ಮ, ಇಲ್ಲೇ ಬಿಕಾಂ ಇದೆಯಲ್ಲ" ಅಂದರು ಮಗಳಿಗೆ. ಅವಳು, "ಸೀಟು ಸಿಕ್ಕಿದೆ ಸರ್" ಅಂದಳು. ಆಮೇಲೆ ನನ್ನ ಕಡೆ ತಿರುಗಿದರು. "ಏನ್ರೀ, ಹೆಣ್ಣು ಹುಡುಗಿ. ನಾಲ್ಕು ವರ್ಷ ಓದ್ತಾಳೆ, ಆಮೇಲೆ ಮದುವೆ ಮಾಡ್ತೀರಿ. ಕಂತು ಯಾರು ಕಟ್ಟೋದು? ಅಳಿಯನಾ?"

ಪಾಸ್‌ಬುಕ್ ಹಿಡಿದು ಹಿಂದೆ ನಿಂತಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ. ಈಗಲೂ ನನಗೆ ಚುಚ್ಚುವುದು ಅದೇ. ಸಾಲ ಕೇಳಲು ಹೋದವನು ನಗದೆ ಇನ್ನೇನು ಮಾಡುತ್ತಾನೆ ಹೇಳಿ. ಮಗಳು ನಗಲಿಲ್ಲ. ಲೋಟ ಎತ್ತಿ ಪಕ್ಕಕ್ಕಿಟ್ಟು, ವೇಲ್ ತುದಿಯಿಂದ ಅಂಕಪಟ್ಟಿ ಒರೆಸಿದಳು. ದುಂಡನೆಯ ಕಲೆ ಹೋಗಲಿಲ್ಲ. ಗಣಿತದ ಅಂಕದ ಮೇಲೇ ಕೂತಿದೆ.

ಐದನೇ ಸಲ ಹೊಸ ವಿಷಯ ಹೊರಬಂತು. ನಮ್ಮ ಊರು ನಿಮ್ಮ ಸರ್ವಿಸ್ ಏರಿಯಾ, ಅಂದರೆ ನಿಮ್ಮ ಶಾಖೆಗೆ ಸೇರಿದ ಊರು, ಅಲ್ಲವಂತೆ. 14 ವರ್ಷ ನನ್ನ ದುಡ್ಡು ಕಟ್ಟಿಸಿಕೊಳ್ಳುವಾಗ ಇದೇ ಊರು ಏರಿಯಾ ಒಳಗೇ ಇತ್ತು, ಮಳೆಗಾಲದಲ್ಲಿ ಜರುಗಿರಬೇಕು. ಏರಿಯಾ ನೆಪ ಹೇಳಿ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ 2012ರಲ್ಲೇ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಬರೆದಿದೆ. ಆ ಕಾಗದದ ಮೇಲೂ ಯಾರಾದರೂ ಟೀ ಲೋಟ ಇಟ್ಟಿರಬಹುದು.

ಶುಲ್ಕ ಕಟ್ಟಲು ಎರಡು ದಿನ ಉಳಿದಿತ್ತು. ಹೆಂಡತಿ ಎರಡೆಳೆ ಸರ ಬಿಚ್ಚಿಕೊಟ್ಟಳು. ಆರನೇ ಸಲ ನಿಮ್ಮ ಶಾಖೆಗೇ ಬಂದೆ, ಪಕ್ಕದ ಚಿನ್ನದ ಸಾಲದ ಕೌಂಟರಿಗೆ. ಸರವನ್ನು ಒರೆಗೆ ಹಚ್ಚಿದರು, ತೂಕ ಹಾಕಿದರು, ಮೂರು ಕಡೆ ಸಹಿ ಹಾಕಿಸಿಕೊಂಡರು. ಅರ್ಧ ಗಂಟೆಯಲ್ಲಿ ದುಡ್ಡು ಖಾತೆಗೆ ಬಂತು. ಇ-ಸ್ವತ್ತು ಬೇಡ, ಏರಿಯಾ ಬೇಡ. ಅಂಗಿ ಮೇಲೆ ಅವತ್ತೂ ಹಿಟ್ಟಿತ್ತು. ಅಳಿಯನ ವಿಚಾರ ಯಾರೂ ಎತ್ತಲಿಲ್ಲ.

ಶಿಕ್ಷಣ ಸಾಲದ ಅರ್ಜಿ ತಿರಸ್ಕರಿಸಬೇಕಾದರೆ ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು ಅನ್ನುವುದು ನಿಮ್ಮದೇ ಯೋಜನೆಯ ನಿಯಮ. ಮೇಲಿನವರು ಅಂದರೆ ನೀವೇ ಅಲ್ವಾ? ನೀವು ಒಪ್ಪಿಗೆ ಕೊಟ್ಟಿದ್ದರೆ ಅದರ ಪ್ರತಿ ಕಳಿಸಿ. ಕೊಟ್ಟಿಲ್ಲ ಅಂದರೆ ನನ್ನ ಅರ್ಜಿ ಇನ್ನೂ ಜೀವಂತ ಇದೆ, ಸಾಲ ಮಂಜೂರು ಮಾಡಿ. ಮುಂದಿನ ವರ್ಷದ ಶುಲ್ಕಕ್ಕೆ ನನ್ನ ಹೆಂಡತಿ ಹತ್ತಿರ ಇನ್ನೊಂದು ಸರ ಇಲ್ಲ.

30 ದಿನ ಕಾಯುತ್ತೇನೆ. 31ನೇ ದಿನ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹೋಗುತ್ತೆ. ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಫೋನ್ ಮಾಡಿ ಎಲ್ಲ ಕೇಳಿಕೊಂಡಿದ್ದೇನೆ. ಅಂಕಪಟ್ಟಿಯ ಬಣ್ಣದ ಜೆರಾಕ್ಸ್ ಮಾಡಿಸಿದ್ದೇನೆ, ಟೀ ಕಲೆ ಚೆನ್ನಾಗಿ ಬಂದಿದೆ. ಒಂದು ಪ್ರತಿ ಈ ಪತ್ರದ ಜೊತೆಗಿದೆ, ಇನ್ನೊಂದನ್ನು ಗಿರಣಿಯ ಗೋಡೆಗೆ ಅಂಟಿಸಿದ್ದೇನೆ. ಸುತ್ತಲಿನ ಐದು ಹಳ್ಳಿಯವರು ರಾಗಿ ತರುವುದು ನನ್ನ ಹತ್ತಿರವೇ. ಅವರಲ್ಲಿ ನಿಮ್ಮ ಖಾತೆದಾರರೇ ಜಾಸ್ತಿ, ಸಂಘದ ಹೆಂಗಸರೂ ಇದ್ದಾರೆ. ರಾಗಿ ಹಿಟ್ಟಾಗುವವರೆಗೆ ಅವರಿಗೂ ಬೇರೆ ಕೆಲಸ ಇರಲ್ಲ. ಗೋಡೆ ಮೇಲಿರುವುದು ಏನು ಅಂತ ಕೇಳುತ್ತಾರೆ. ಹೇಳುತ್ತಿದ್ದೇನೆ.

ಇತಿ,
ನಿಮ್ಮ ಏರಿಯಾದಲ್ಲಿಲ್ಲದ ಖಾತೆದಾರ