ಬೇರೆ ಯಾರೋ ಮೊದಲು ಬರೆದುಬಿಟ್ಟರೆ

ತೀರ್ಥಹಳ್ಳಿ
ಜೂನ್ ಕೊನೆಯ ವಾರ

ಚಿ. ಸಿಂಧುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿ, ತೋಟದ ಸುದ್ದಿ ಎಲ್ಲವನ್ನೂ ನಿನ್ನ ಅಪ್ಪ ಫೋನಿನಲ್ಲಿ ಒಪ್ಪಿಸಿಯೇ ಇರುತ್ತಾನೆ. ಅದನ್ನು ಬಿಡುತ್ತೇನೆ. ನಿನ್ನ ಪತ್ರದಲ್ಲಿ ಹಾಸ್ಟೆಲ್ ಊಟದ ದೂರಿಗೂ ಚೌತಿಗೆ ಬರುವ ಮಾತಿಗೂ ನಡುವೆ, ನೀನು ಬರೆಯುತ್ತಿರುವ ಮೊದಲ ಸಂಶೋಧನಾ ಪ್ರಬಂಧದ ಬಗ್ಗೆ ಒಂದು ಸಾಲು ತೂರಿಸಿದ್ದೀಯ: "ನಾನು ಕಳಿಸುವಷ್ಟರಲ್ಲಿ ಬೇರೆ ಯಾರಾದರೂ ಇದನ್ನೇ ಪ್ರಕಟಿಸಿಬಿಟ್ಟರೆ, ಇಷ್ಟು ದಿನದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಅಲ್ಲವೇ ದೊಡ್ಡಪ್ಪ?" ಬೆಳಗ್ಗೆ ಐದೂವರೆಗೆ ಎದ್ದು, ಸಂಶೋಧಕರು ತಮ್ಮ ಪ್ರಬಂಧಗಳನ್ನು ಹಾಕುವ ಜಾಲತಾಣ ಆರ್ಕೈವ್‌ನಲ್ಲಿ ಆ ದಿನದ ಹೊಸ ಪಟ್ಟಿ ಬಂದ ಕೂಡಲೇ ನಿನ್ನದರಂಥ ಶೀರ್ಷಿಕೆ ಇದೆಯೇ ಎಂದು ಹುಡುಕಿದ ಮೇಲೆಯೇ ಹಲ್ಲುಜ್ಜುವುದು ಎಂದೂ ಬರೆದಿದ್ದೀಯ. ತಮಾಷೆಯ ಧಾಟಿಯಲ್ಲಿಯೇ ಬರೆದಿದ್ದೀಯ. ನನಗೆ ನಗು ಬರಲಿಲ್ಲ.

ಈ ವಿಷಯದಲ್ಲಿ ಬುದ್ಧಿ ಹೇಳುವ ಅಧಿಕಾರ ನನಗೆಷ್ಟಿದೆ ಎಂಬುದು ಬೇರೆ ಮಾತು. ಆದರೆ ಆ ಭಯ ನನಗೆ ಹೊಸದಲ್ಲ.

ನೀನು ದಿನವೂ ಬಳಸುವ, ಪ್ರೋಗ್ರಾಮಿನ ಯಾವ ಮೌಲ್ಯ ಯಾವ ಬಗೆಯದೆಂದು ಯಂತ್ರವೇ ತರ್ಕಿಸಿ ತಿಳಿಯುವ ಟೈಪ್ ಇನ್‌ಫರೆನ್ಸನ್ನೇ ತೆಗೆದುಕೋ. ರೋಜರ್ ಹಿಂಡ್ಲಿ 1969ರಲ್ಲಿ ತರ್ಕಶಾಸ್ತ್ರದ ದಾರಿಯಿಂದ ಅದನ್ನು ಕಂಡುಕೊಂಡರು. ರಾಬಿನ್ ಮಿಲ್ನರ್ ಹಿಂಡ್ಲಿಯ ಕೆಲಸವನ್ನು ನೋಡದೆಯೇ, ಪ್ರೋಗ್ರಾಮ್ ಬರೆಯುವವರ ದಾರಿಯಿಂದ ಅಲ್ಲಿಗೇ ಬಂದು 1978ರಲ್ಲಿ ಪ್ರಕಟಿಸಿದರು. ತಡವಾಗಿ ಬಂದವರ ಹೆಸರು ಅಳಿಸಿಹೋಯಿತೇ? ಇಂದಿಗೂ ಎಲ್ಲರೂ ಹಿಂಡ್ಲಿ–ಮಿಲ್ನರ್ ಎಂದೇ ಹೇಳುತ್ತಾರೆ. ಟೈಪುಗಳದೇ ಇನ್ನೊಂದು ಪದ್ಧತಿಯಾದ ಸಿಸ್ಟಮ್ ಎಫ್ ಕಥೆಯೂ ಅದೇ: ಪ್ಯಾರಿಸ್ಸಿನಲ್ಲಿ ಜಿರಾರ್ 1972ರಲ್ಲಿ, ಅಮೆರಿಕದಲ್ಲಿ ಜಾನ್ ರೆನಾಲ್ಡ್ಸ್ 1974ರಲ್ಲಿ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಇಲ್ಲದೆ. ಪ್ರೋಗ್ರಾಮಿನಲ್ಲಿ ಮುಂದೆ ನಡೆಯಬೇಕಾದ ಕೆಲಸವನ್ನೇ ಒಂದು ವಸ್ತುವಾಗಿ ಹಿಡಿಯುವ ಕಂಟಿನ್ಯುಯೇಶನ್ ಎಂಬ ಕಲ್ಪನೆಯನ್ನಂತೂ ಎಷ್ಟು ಜನ ಬೇರೆ ಬೇರೆಯಾಗಿ ಕಂಡುಹಿಡಿದರೆಂದರೆ, ಇದೇ ರೆನಾಲ್ಡ್ಸ್ 1993ರಲ್ಲಿ ಆ ಇತಿಹಾಸಕ್ಕೆಂದೇ ಒಂದು ಲೇಖನ ಬರೆದರು.

ಅವರೆಲ್ಲ ದೊಡ್ಡವರು, ನಾನು ಇನ್ನೂ ಮೊದಲ ಪ್ರಬಂಧ ಕಳಿಸದ ವಿದ್ಯಾರ್ಥಿನಿ ಎನ್ನುತ್ತೀಯ. ಸರಿ, ದೊಡ್ಡವರನ್ನು ಬಿಡೋಣ.

ನಾನು ಎಂ.ಟೆಕ್. ಓದುತ್ತಿದ್ದಾಗ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಅನುವಾದಿಸುವ ಕಂಪೈಲರ್ ಕೆಲಸ ಹಿಡಿದಿದ್ದೆ. ಪ್ರೋಗ್ರಾಮಿನ ಮೌಲ್ಯಗಳನ್ನು ಪ್ರೊಸೆಸರಿನೊಳಗಿನ ವೇಗದ ಜಾಗಗಳಾದ ಕೆಲವೇ ರಿಜಿಸ್ಟರುಗಳಿಗೆ ಹಂಚುವ ಸಮಸ್ಯೆ. ಮೌಲ್ಯಗಳನ್ನು ಚುಕ್ಕೆಗಳಾಗಿಸಿ, ಒಂದೇ ಹೊತ್ತಿಗೆ ಬೇಕಾಗುವ ಎರಡರ ನಡುವೆ ಗೆರೆ ಎಳೆದು, ಗೆರೆಯ ಎರಡು ತುದಿಗೂ ಒಂದೇ ಬಣ್ಣ ಬಾರದಂತೆ ಬಣ್ಣ ಹಚ್ಚಿದರೆ, ಒಂದು ಬಣ್ಣಕ್ಕೆ ಒಂದು ರಿಜಿಸ್ಟರಿನಂತೆ ಹಂಚಿಕೆ ಮುಗಿಯಿತು ಎಂದು ನನಗೆ ಹೊಳೆದಿತ್ತು. ರಜೆಯಲ್ಲಿ ಊರಿಗೆ ಬಂದಾಗಲೂ ಅದೇ ಗುಂಗು. ಅಡಿಕೆ ಮಂಡಿಯ ಚೀಟಿಗಳ ಹಿಂಬದಿಯಲ್ಲೆಲ್ಲ ಚುಕ್ಕೆ, ಗೆರೆ. ಅಜ್ಜ ಬೈದಿದ್ದು ಮಂಡಿ ಲೆಕ್ಕ ಹಾಳಾಯಿತೆಂದಲ್ಲ, ಹುಡುಗನ ತಲೆ ಹಾಳಾಯಿತೆಂದು.

ಆಗೆಲ್ಲ ವಿದೇಶದ ಪತ್ರಿಕೆಗಳು ಹಡಗಿನ ಅಂಚೆಯಲ್ಲಿ ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದವು. 1982ರ ಜೂನ್ ತಿಂಗಳ ಸಿಗ್‌ಪ್ಲಾನ್ ನೋಟಿಸಸ್ ಗ್ರಂಥಾಲಯದ ಮೇಜಿನ ಮೇಲೆ ಬಂದು ಕೂತಾಗ ಮರುವರ್ಷವೇ ಬಂದಿತ್ತು. ತೆರೆದರೆ ಐಬಿಎಂನ ಗ್ರೆಗರಿ ಚೈಟಿನ್ ಅವರ ಪ್ರಬಂಧ. ಅದೇ ಚುಕ್ಕೆ, ಅದೇ ಗೆರೆ, ಅದೇ ಬಣ್ಣ. ನನ್ನ ಮಾರ್ಗದರ್ಶಕರು, "ಇದು ಬಂದಾಯಿತಲ್ಲ, ಬೇರೆ ಏನಾದರೂ ನೋಡು" ಎಂದರು. ಒಂದೇ ವಾಕ್ಯ. ನಾನು ಬೇರೆ ನೋಡಿದೆ.

ಆ ಕಲ್ಪನೆ ಚೈಟಿನ್ ಅವರಿಗೂ ಮೊದಲನೆಯದಾಗಿ ಹೊಳೆದದ್ದಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವರದೇ ಸಂಸ್ಥೆಯ ಜಾನ್ ಕಾಕ್ ಅದನ್ನು ಮೊದಲೇ ಸೂಚಿಸಿದ್ದರು. ಸೋವಿಯತ್ ದೇಶದಲ್ಲಿ ಎರ್ಷೋವ್ ಅರವತ್ತರ ದಶಕದಲ್ಲೇ ಮೆಮೊರಿ ಹಂಚಲು ಇಂಥದ್ದೇ ಬಣ್ಣದ ಯುಕ್ತಿ ಬಳಸಿದ್ದರು. ಯಾರೂ ಅದರಿಂದ ಪೆನ್ನು ಕೆಳಗಿಡಲಿಲ್ಲ.

ನನಗೆ ಇವತ್ತಿಗೂ ಚುಚ್ಚುವುದು ಇದಲ್ಲ, ಮುಂದಿನದು. ನಾಲ್ಕು ಚುಕ್ಕೆಗಳನ್ನು ಚೌಕದ ಮೂಲೆಗಳಲ್ಲಿಟ್ಟು ನಾಲ್ಕು ಬದಿಗೆ ಗೆರೆ ಎಳೆ. ಎರಡೇ ರಿಜಿಸ್ಟರ್ ಇವೆ ಎಂದುಕೋ. ಎದುರು ಬದುರಿನ ಮೂಲೆಗಳ ಒಂದೊಂದು ಜೋಡಿಗೆ ಒಂದೊಂದು ಬಣ್ಣ ಕೊಟ್ಟರೆ ಕೆಲಸ ಆಯಿತು, ಮಕ್ಕಳಿಗೂ ಕಾಣುತ್ತದೆ. ಆದರೆ ಚೈಟಿನ್ ಅವರ ಕ್ರಮದಲ್ಲಿ ಎರಡಕ್ಕಿಂತ ಕಡಿಮೆ ನೆರೆಯವರು ಇರುವ ಚುಕ್ಕೆಯನ್ನು ಮಾತ್ರ ನಿಶ್ಚಿಂತೆಯಿಂದ ಬದಿಗಿಡಬಹುದು. ಇಲ್ಲಿ ಪ್ರತಿ ಚುಕ್ಕೆಗೂ ಇಬ್ಬರು ನೆರೆಯವರು. ಹಾಗಾಗಿ ಆ ಕ್ರಮ ಒಂದು ಮೌಲ್ಯವನ್ನು ಸುಮ್ಮನೆ ನಿಧಾನದ ಮೆಮೊರಿಗೆ ದಬ್ಬುತ್ತದೆ. 1989ರ ಪಿಎಲ್‌ಡಿಐ ಸಮ್ಮೇಳನದಲ್ಲಿ ರೈಸ್ ವಿಶ್ವವಿದ್ಯಾಲಯದ ಪ್ರೆಸ್ಟನ್ ಬ್ರಿಗ್ಸ್ ಮತ್ತು ಸಂಗಡಿಗರು ಹೇಳಿದ್ದಿಷ್ಟೇ: ಈಗಲೇ ದಬ್ಬಬೇಡಿ, ಅದನ್ನೂ ಬದಿಗಿಡಿ, ಬಣ್ಣ ಹಚ್ಚುವ ಸರದಿ ಬಂದಾಗ ಬಣ್ಣ ಉಳಿದಿದೆಯೇ ನೋಡಿ. ಅಷ್ಟಕ್ಕೇ ಅದು ಪಠ್ಯಪುಸ್ತಕ ಸೇರಿತು.

ಆ ಚೌಕ ನನ್ನ ನೋಟ್‌ಪುಸ್ತಕದಲ್ಲಿತ್ತು, ಸಿಂಧು. ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯೂ ಇತ್ತು. ಉತ್ತರ ನನಗೆ ಹೊಳೆದಿತ್ತು ಎನ್ನುವುದಿಲ್ಲ, ಹಾಗೆಂದರೆ ಸುಳ್ಳಾಗುತ್ತದೆ. ಹೊಳೆಯುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು. ಅದನ್ನು ಪಾಠ ಮಾಡುವಾಗಲೆಲ್ಲ ಬೋರ್ಡಿನ ಮೇಲೆ ಆ ಚೌಕವನ್ನು ಬರೆದು, ಮಕ್ಕಳ ಕಡೆ ತಿರುಗಲು ಒಂದು ಕ್ಷಣ ಹೆಚ್ಚು ಹಿಡಿಯುತ್ತಿತ್ತು.

ನಿನ್ನ ಭಯಕ್ಕೆ ಮರಳುತ್ತೇನೆ. ಯಾರಾದರೂ ಮೊದಲು ಪ್ರಕಟಿಸಬಹುದೇ? ಪ್ರಕಟಿಸಬಹುದು. ಹಾಗಾಗುವುದಿಲ್ಲ ಎಂದು ನಾನು ಹೇಗೆ ಹೇಳಲಿ? ಒಂದೇ ಕಾಲದಲ್ಲಿ ಒಂದೇ ಪುಸ್ತಕ ಓದಿದ ನೂರು ಜನರಿಗೆ ಒಂದೇ ಪ್ರಶ್ನೆ ಏಳುವುದು ಸಹಜ. ಆದರೆ ಆ ನೂರು ಜನರೂ ಅದೇ ವ್ಯಾಖ್ಯೆ, ಅದೇ ಪ್ರಮೇಯ, ಅದೇ ಉದಾಹರಣೆ ಬರೆಯುವುದನ್ನು ನಾನಂತೂ ನೋಡಿಲ್ಲ. ನನಗೆ ಕಳವಳ ತಂದದ್ದು ಆ "ಬೇರೆ ಯಾರೋ" ಅಲ್ಲ, ಆ ಬೇರೆ ಯಾರಿಗೋ ಹೆದರಿ ನೀನು ಮಾಡಲು ಹೊರಟಿರುವುದು. ಪ್ರಮೇಯಕ್ಕೆ ಮೆಟ್ಟಿಲಾಗುವ ಒಂದು ಸಣ್ಣ ಫಲಿತಾಂಶದ, ಅಂದರೆ ಲೆಮ್ಮದ, ಸಾಧನೆ ಇನ್ನೂ ಕೂಡಿಬಂದಿಲ್ಲ, ಆದರೂ ಅನುಬಂಧದಲ್ಲಿ ಮುಚ್ಚಿಟ್ಟು ಕಳಿಸಿಬಿಡುತ್ತೇನೆ ಎಂದಿದ್ದೀಯ. ಅನುಬಂಧವನ್ನು ಓದಲೇಬೇಕೆಂಬ ಕಡ್ಡಾಯ ವಿಮರ್ಶಕರಿಗೆ ಇಲ್ಲ, ನಿಜ. ಆದರೆ ಓದುವ ಪುಣ್ಯಾತ್ಮನೊಬ್ಬ ಇದ್ದೇ ಇರುತ್ತಾನೆ. ಲೆಮ್ಮ ನಿಲ್ಲದಿದ್ದರೆ ಪ್ರಮೇಯವನ್ನು ಚಿಕ್ಕದು ಮಾಡು. ಪ್ರೋಗ್ರಾಮಿಂಗ್ ಭಾಷೆಯ ಇಷ್ಟು ಭಾಗಕ್ಕೆ ಸಾಧಿಸಿದ್ದೇವೆ, ಉಳಿದದ್ದು ಮುಂದೆ ಎಂದು ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಎರಡು ಸಮ್ಮೇಳನಗಳಿಗೆ ಒಟ್ಟಿಗೆ ಕಳಿಸಿದರೆ ಬೇಗ ಆಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬೇಡ, ಅದು ನಿಷಿದ್ಧ. ನಿನಗೂ ಗೊತ್ತು. ಗೊತ್ತಿದ್ದೂ ಕೇಳುವಷ್ಟು ಹೆದರಿದ್ದೀಯಲ್ಲ ಎಂಬುದೇ ನನ್ನ ಸಂಕಟ. ಪ್ರೋಗ್ರಾಮಿಂಗ್ ಭಾಷೆಗಳ ಪಾಪಲ್ ಸಮ್ಮೇಳನದ ಗಡುವು ಜುಲೈನಲ್ಲಿ ತಪ್ಪಿದರೆ ನವೆಂಬರ್ ಸುಮಾರಿಗೆ ಪಿಎಲ್‌ಡಿಐ ಬರುತ್ತದೆ, ಬಳಿಕ ಅಂಥವೇ ಸಮ್ಮೇಳನಗಳಾದ ಐಸಿಎಫ್‌ಪಿ, ಊಪ್ಸ್ಲಾ. ಬಸ್ ತಪ್ಪಿದರೆ ಇನ್ನೊಂದು ಬಸ್ ಇದೆ ಎನ್ನುವುದು ಸುಲಭ, ಕಾಯುವವರಿಗೆ ಕಷ್ಟ. ನನಗೂ ಗೊತ್ತು.

ತೀರಾ ಆತಂಕವಾದರೆ, ಗೈಡ್ ಒಪ್ಪಿದರೆ, ನೀನೇ ಆರ್ಕೈವ್‌ನಲ್ಲಿ ಹಾಕಿಬಿಡು. ಲೇಖಕರ ಹೆಸರು ಮುಚ್ಚಿ ವಿಮರ್ಶೆ ಮಾಡಿಸುವ ಈ ಸಮ್ಮೇಳನಗಳು ಅದಕ್ಕೆ ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ, ಈ ವರ್ಷದ ಪ್ರಕಟಣೆಯನ್ನು ಮಾತ್ರ ಒಮ್ಮೆ ಓದಿಕೋ. ದಿನಾಂಕ ಬಿದ್ದಿರುತ್ತದೆ, ನಿದ್ದೆ ಬಂದೀತು. ಸಮ್ಮೇಳನಕ್ಕೆ ಕಳಿಸುವ ಪ್ರತಿಯಲ್ಲಿ ನಿನ್ನ ಹೆಸರು, ಕೃತಜ್ಞತೆಯ ಸಾಲು, ಕೋಡ್ ಇಟ್ಟ ಜಾಗದ ವಿಳಾಸ ಯಾವುದೂ ಉಳಿಯದಿರಲಿ. ನಿನ್ನ ಗೈಡ್ ಅವರ ಹಳೆಯ ಪ್ರಬಂಧವನ್ನು ಬೇರೆಯವರದೆಂಬಂತೆ ಉಲ್ಲೇಖಿಸು. ಇದೆಲ್ಲ ನಿನಗೆ ಅವರೇ ಹೇಳಿರುತ್ತಾರೆ, ಮುದುಕನ ಚಪಲ.

ಇನ್ನೊಂದು. ಗಡುವನ್ನು "ಎಒಇ" ಎಂದು ಹಾಕಿರುತ್ತಾರೆ, ಭೂಮಿಯ ಮೇಲೆ ಎಲ್ಲಾದರೂ ಆ ದಿನ ಉಳಿದಿರುವವರೆಗೆ ಎಂದು. ಅಂದರೆ ನಮ್ಮಲ್ಲಿ ಆ ರಾತ್ರಿಯಲ್ಲ, ಮರುದಿನ ಸಂಜೆ 5 ಗಂಟೆ 29 ನಿಮಿಷ. ಮುಂಚಿನ ರಾತ್ರಿಯೆಲ್ಲ ಎಚ್ಚರವಿದ್ದು ಸಾಯಬೇಡ. ಆ ಹೊತ್ತಿಗೆ ಊರಿಗೆ ಬರುವ ಯೋಚನೆಯನ್ನೂ ಮಾಡಬೇಡ. ಇಲ್ಲಿ ಆಷಾಢದ ಮಳೆ ಹಿಡಿದರೆ ಕರೆಂಟ್ ಹೋದದ್ದು ಯಾವಾಗ ಬರುತ್ತದೋ ಲೈನ್‌ಮನ್‌ಗೂ ತಿಳಿಯದು. ಈಗಲೂ ಕೊಳೆ ಮದ್ದು ಹೊಡೆಯಲು ಬಂದ ಕೊನೆಗಾರ ಸುಣ್ಣ, ಮೈಲುತುತ್ತ ಕಲಸಿಟ್ಟ ಡ್ರಮ್ ಪಕ್ಕ ಕೂತು ಮಳೆ ಹೊಳವಾಗುವುದನ್ನು ಕಾಯುತ್ತಿದ್ದಾನೆ. ನಾನು ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

2015ರ ಜನವರಿಯಲ್ಲಿ ಇದೇ ಪಾಪಲ್ ಮುಂಬೈನಲ್ಲಿ ನಡೆಯಿತು. ಸುಮ್ಮನೆ ಹಿಂದಿನ ಸಾಲಿನಲ್ಲಿ ಕೂತು ಕೇಳಿ ಬರೋಣವೆಂದು ಬಹಳ ಆಸೆಯಿತ್ತು. ಕೊನೆ ಕೊಯ್ಲು, ಬೇಯಿಸುವುದು, ಆಳಿಲ್ಲ, ಅದಿಲ್ಲ, ಇದಿಲ್ಲ. ನೆವಗಳಿಗೇನು ಬರ. ಅಲ್ಲಿ ಹೋದರೆ ನನಗಿಂತ ಮೊದಲು ಬರೆದವರನ್ನೆಲ್ಲ ನೋಡಬೇಕಾಗುತ್ತದೆ ಎಂಬ ಅಳುಕೂ ಇತ್ತು ಎಂದು ಈಗ ಅನಿಸುತ್ತದೆ. ಅಷ್ಟು ವರ್ಷಗಳ ಮೇಲೂ! ಅದಕ್ಕೇ ನಿನ್ನ ಸಾಲು ನನ್ನನ್ನು ಹಿಡಿದುಕೊಂಡದ್ದು.

ಕಳೆದ ವಾರ ಪಟ್ಟಿಯಲ್ಲಿ ಹತ್ತಿರದ ಶೀರ್ಷಿಕೆಯೊಂದನ್ನು ಕಂಡೆ, ತೆರೆಯಲು ಕೈ ಬರಲಿಲ್ಲ ಎಂದಿದ್ದೀಯಲ್ಲ. ಅದನ್ನು ತೆರೆ. ಒಬ್ಬಳೇ ಬೇಡ, ಗೈಡ್ ಜೊತೆ ಕೂತು ಓದು. ಓದಿ, ಅವರು ಎಲ್ಲಿ ನಿಲ್ಲಿಸಿದ್ದಾರೆ, ನೀನು ಎಲ್ಲಿಂದ ಹೊರಟಿದ್ದೀಯ ಎಂದು ಒಂದು ಪುಟ ಬರೆ. ನಿನ್ನ ಪ್ರಬಂಧದಲ್ಲಿ ಹೇಗಿದ್ದರೂ ಅದು ಬೇಕಾಗುತ್ತದೆ. ಆ ಪುಟವನ್ನು ನನಗೂ ಕಳಿಸು. ಮೊಬೈಲಿನಲ್ಲಿ ಆ ಚಿಹ್ನೆಗಳು ನನಗೆ ಕಾಣುವುದಿಲ್ಲ, ಪೇಟೆಗೆ ಹೋದಾಗ ಮುದ್ರಿಸಿಕೊಳ್ಳುತ್ತೇನೆ. ಅರ್ಥವಾಗದಿದ್ದರೆ ಫೋನ್ ಮಾಡಿ ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ.

ಇತಿ ನಿನ್ನ
ದೊಡ್ಡಪ್ಪ