ಬಾಡಿಗೆ ಬಾಕಿ ಇದ್ರೆ ಅಂಗಡಿಗೆ ಬೀಗ ಜಡೀಬಹುದಾ?

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಕೊಂಡಿದ್ದೀನಿ. ಹೋದ ವರ್ಷ ಚರಂಡಿಗೆ ಅಂತ ನಮ್ಮ ರಸ್ತೆ ಅಗೆದು ಹಾಗೇ ಬಿಟ್ರು, ಗಿರಾಕಿ ಬರೋದೇ ನಿಂತೋಯ್ತು, ಮೂರು ತಿಂಗಳ ಬಾಡಿಗೆ ಬಾಕಿ ಬಿತ್ತು. ಒಂದಿನ ಬೆಳಗ್ಗೆ ಹೋಗಿ ನೋಡಿದ್ರೆ ಶಟರ್‌ಗೆ ನನ್ನ ಬೀಗದ ಪಕ್ಕ ಓನರ್ ಬೀಗ, ಒಳಗೆ ನನ್ನ ಎರಡು ಮಷಿನ್ನು ಜೊತೆಗೆ ಯಾರದೋ ಮದುವೆ ಬ್ಲೌಸುಗಳು. ಅವರ ಹತ್ರ ನನ್ನ ಹತ್ತು ತಿಂಗಳ ಅಡ್ವಾನ್ಸ್ ಇತ್ತು ಅನ್ನೋದು ಬೇರೆ ಮಾತು. ಸ್ಟೇಷನ್‌ಗೆ ಹೋದ್ರೆ ಸಿವಿಲ್ ಮ್ಯಾಟರ್ ನೀವೇ ಮಾತಾಡ್ಕೊಳ್ಳಿ ಅಂದ್ರು. ಬಾಕಿ ಇಟ್ಟೋನು ನಾನೇ ಅಲ್ವಾ ಅಂತ ನಾನೂ ಬಾಯಿ ಮುಚ್ಕೊಂಡು ಹೆಂಡ್ತಿ ಬಳೆ ಅಡ ಇಟ್ಟು ಬೀಗ ತೆಗೆಸ್ದೆ.

ಆಮೇಲೊಂದಿನ ಒಬ್ಬ ವಕೀಲರಿಗೆ ಪ್ಯಾಂಟ್ ಅಳತೆ ತಗೊಳ್ಳೋವಾಗ ಮಾತಿಗೆ ಮಾತು ಬಂದು ಗೊತ್ತಾಗಿದ್ದು, ಎಷ್ಟೇ ಬಾಕಿ ಇರ್ಲಿ ಬೀಗ ಜಡಿಯೋ ಹಕ್ಕು ಓನರ್‌ಗಿಲ್ಲ, ಖಾಲಿ ಮಾಡ್ಸಬೇಕಂದ್ರೆ ಕೋರ್ಟಿಂದಾನೇ ಆಗ್ಬೇಕು. ಹಾಗೆ ಹೊರಗೆ ಹಾಕಿದ್ರೆ ಆರು ತಿಂಗಳೊಳಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆ 6ನೇ ಸೆಕ್ಷನ್‌ನಲ್ಲಿ ಕೇಸು ಹಾಕಿ ಅಂಗಡಿ ವಾಪಸ್ ಪಡೀಬಹುದಂತೆ, ಆ ಕೇಸಲ್ಲಿ ಜಾಗದ ಮಾಲೀಕರು ಯಾರು ಅಂತ ನೋಡಲ್ಲ, ಸ್ವಾಧೀನದಲ್ಲಿ ಯಾರಿದ್ರು, ಕಾನೂನು ಬಿಟ್ಟು ಯಾರು ಹೊರಗೆ ಹಾಕಿದ್ರು ಅಷ್ಟೇ.

ಆದ್ರೆ ಇದನ್ನ ಕೇಳಿ ಯಾರೂ ಕುಣಿಯೋ ಹಾಗಿಲ್ಲ. ಬಾಡಿಗೆದಾರರನ್ನ ಸುಲಭಕ್ಕೆ ಖಾಲಿ ಮಾಡ್ಸದ ಹಾಗೆ ಕಾಯೋ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅಂಗಡಿಗಳಿಗೆ ಅನ್ವಯಿಸೋದು 14 ಚದರ ಮೀಟರ್‌ವರೆಗೆ ಮಾತ್ರ, ಅಂದ್ರೆ ಹೆಚ್ಚುಕಮ್ಮಿ 150 ಚದರಡಿ. ನಾನೇ ಟೇಪ್ ಹಿಡಿದು ಅಳೆದೆ, ನಂದು 12 ಅಡಿಗೆ 16. ಸ್ವಲ್ಪದರಲ್ಲಿ ಹೊರಗೆ! ಬೀಡಾ ಅಂಗಡಿಗೆ ಸರಿ, ಎರಡು ಮಷಿನ್ನು, ಕಟಿಂಗ್ ಟೇಬಲ್ ಹಾಕೋರಿಗೆ ಆ ಜಾಗ ಸಾಕಾಗುತ್ತಾ? ಅದಕ್ಕಿಂತ ದೊಡ್ಡದಾದ್ರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ, ತಿಂಗಳ ಬಾಡಿಗೆ ಲೆಕ್ಕದಲ್ಲಿದ್ರೆ 15 ದಿನದ ನೋಟಿಸ್ ಕೊಟ್ರೆ ಬಾಡಿಗೆದಾರಿಕೆ ಮುಗೀತು, ಆಮೇಲೂ ಬಿಡದಿದ್ರೆ ಕೇಸು. ಲೀಸ್ ಅವಧಿ ಇನ್ನೂ ಇರೋವಾಗ ಬರೀ ಬಾಕಿಗೆ ರದ್ದು ಮಾಡಿದ್ರೆ ಬಾಕಿ, ಬಡ್ಡಿ, ಕೋರ್ಟ್ ಖರ್ಚು ಪೂರ್ತಿ ಕಟ್ಟಿ ಉಳಿಸ್ಕೊಡಿ ಅಂತ ಜಡ್ಜ್‌ನ ಕೇಳಬಹುದು, 114ನೇ ಸೆಕ್ಷನ್, ಕೊಡೋದು ಬಿಡೋದು ಅವರಿಗೆ ಬಿಟ್ಟಿದ್ದು. ನಮ್ಮಲ್ಲಿ ಎಷ್ಟೋ ಜನ 11 ತಿಂಗಳ ಕರಾರು ಮುಗಿದ ಮೇಲೂ ಹಾಗೇ ಕೂತಿರ್ತೀವಲ್ಲ, ನಮಗೆ ಆ ಅವಕಾಶವೂ ಇಲ್ಲ.

ನಮ್ಮ ಓನರ್ ಕೆಟ್ಟೋರಲ್ಲ, ಅವರಿಗೂ ಆ ಬಾಡಿಗೆನೇ ಊಟ. ಆದ್ರೆ ಬೀಗ ಹಾಕಿ ಮಷಿನ್ ನಿಲ್ಲಿಸಿದ್ರೆ ಬಾಕಿ ಕಟ್ಟೋ ದುಡ್ಡು ಎಲ್ಲಿಂದ ಹುಟ್ಟುತ್ತೆ? ಸರ್ಕಾರ ಆ 14 ಮೀಟರ್‌ನ 30ಕ್ಕಾದ್ರೂ ಏರಿಸ್ಲಿ, ಸ್ಟೇಷನ್‌ನೋರು ಬೀಗದ ವಿಷಯಕ್ಕಾದ್ರೂ ಸಿವಿಲ್ ಮ್ಯಾಟರ್ ಅನ್ನೋದು ಬಿಡ್ಲಿ. ಅಂದಹಾಗೆ ನಾನು ಕ್ಯಾಶಲ್ಲಿ ಕೊಟ್ಟ ಎರಡು ತಿಂಗಳಿಗೆ ರಶೀದಿ ಇರ್ಲಿಲ್ಲ, ಮೂರು ತಿಂಗಳ ಬಾಕಿ ಬೀಗ ತೆಗೆಸೋವಾಗ ಐದಾಗಿತ್ತು. ಈಗ ಫೋನ್‌ಪೇಲೇ ಹಾಕ್ತೀನಿ.

— ಒಬ್ಬ ಟೈಲರ್, ದಾವಣಗೆರೆ